ಕಪ್ಪು ಮೊದಲು, ಬೂದು ಆಮೇಲೆ

ಅಮೆರಿಕದಲ್ಲಿರುವ ಕನ್ನಡಿಗರು ಆರ್‌ವಿ ಬಾಡಿಗೆಗೆ ಹಿಡಿದು ಪ್ರವಾಸ ಹೊರಟರೆ ವಾಟ್ಸಾಪಿನಲ್ಲಿ ಮೂರು ಬಗೆಯ ಫೋಟೋಗಳು ಬರುತ್ತವೆ. ಸ್ಟಿಯರಿಂಗ್ ಹಿಡಿದು ಕುಳಿತ ಮನೆ ಯಜಮಾನ ಒಂದು. ಗಾಡಿಯೊಳಗಿನ ಪುಟ್ಟ ಒಲೆಯ ಮೇಲೆ ಹಬೆಯಾಡುವ ಉಪ್ಪಿಟ್ಟು ಇನ್ನೊಂದು. ಹಿಂದೆ ಬೆಟ್ಟ, ಮುಂದೆ ಸಂಸಾರ ಸಮೇತ ನಗು ಮತ್ತೊಂದು. ಗಾಡಿಯ ಎಡಮಗ್ಗುಲಲ್ಲಿ ಮೊಣಕಾಲೂರಿ, ನೀಲಿ ಕೈಗವಸು ತೊಟ್ಟು, ಉಸಿರು ಬಿಗಿಹಿಡಿದು ಕುಳಿತವನ ಫೋಟೋವನ್ನು ಮಾತ್ರ ಯಾರೂ ಹಾಕುವುದಿಲ್ಲ. ಹಾಕಿದರೆ ಊರಿನಲ್ಲಿ ಹೆಣ್ಣು ಕೊಟ್ಟವರು ಯೋಚನೆಗೆ ಬೀಳುತ್ತಾರೆ. ನನಗೆ ಆ ಭಯವೂ ಇರಲಿಲ್ಲ. ಹೆಣ್ಣು ಕೊಟ್ಟವರು ಪಕ್ಕದಲ್ಲೇ ನಿಂತು, ಪೈಪನ್ನು ಎಷ್ಟು ಇಳಿಜಾರಾಗಿ ಹಿಡಿಯಬೇಕೆಂದು ಅಪ್ಪಣೆ ಕೊಡಿಸುತ್ತಿದ್ದರು.

ಆರ್‌ವಿ ಎಂದರೆ ಟ್ರಕ್ಕಿನ ಚಾಸಿಯ ಮೇಲೆ ಕಟ್ಟಿದ ಮನೆ. ಮಂಚ, ಒಲೆ, ಫ್ರಿಜ್ಜು, ಬಚ್ಚಲು, ಕಕ್ಕಸು ಎಲ್ಲವೂ ಉಂಟು, ಇಲ್ಲದ್ದು ಚರಂಡಿಯೊಂದೇ. ಊರಿನ ಮನೆಯಲ್ಲಿ ನಲ್ಲಿಯ ನೀರು ಯಾವಾಗ ಬರುತ್ತದೆಂದು ಕೇಳುವವರುಂಟು, ಎಲ್ಲಿಗೆ ಹೋಯಿತೆಂದು ಕೇಳುವವರಿಲ್ಲ. ಆರ್‌ವಿಯಲ್ಲಿ ಕೇಳಿದರೆ ಉತ್ತರ ಸುಲಭ: ಎಲ್ಲಿಗೂ ಹೋಗಿಲ್ಲ, ನೀವು ನಿಂತ ನೆಲದ ಕೆಳಗೇ ಇದೆ. ಗಾಡಿಯ ಹೊಟ್ಟೆಯಲ್ಲಿ ಮೂರು ಟ್ಯಾಂಕು. ಒಂದು ಒಳ್ಳೆಯ ನೀರಿನದು. ಎರಡನೆಯದು ಅಡುಗೆಮನೆ ಮತ್ತು ಬಚ್ಚಲಿನ ನೀರು ಸೇರುವ ಬೂದು ಟ್ಯಾಂಕು. ಮೂರನೆಯದು ಕಪ್ಪು ಟ್ಯಾಂಕು. ಅದಕ್ಕೆ ಸೇರುವುದೇನೆಂದು, ಪತ್ರಿಕೆಯನ್ನು ಊಟದ ಜೊತೆ ಓದುವವರ ಮೇಲಿನ ಗೌರವದಿಂದ, ಬಿಡಿಸಿ ಹೇಳುವುದಿಲ್ಲ.

ನಾವು ಸಾಲ್ಟ್ ಲೇಕ್ ಸಿಟಿಯಲ್ಲಿ ಗಾಡಿ ಹಿಡಿದು ಯೆಲ್ಲೋಸ್ಟೋನಿಗೆ ಹೊರಟವರು ಆರು ಜನ. ನಾನು, ನನ್ನಾಕೆ, ಮಗಳು, ಮಗ, ತಿಪಟೂರಿನಿಂದ ಬಂದಿದ್ದ ಅತ್ತೆ ಮತ್ತು ಮಾವ. ಗಾಡಿ ಕೊಟ್ಟ ಹುಡುಗ ಜನರೇಟರ್, ಗ್ಯಾಸು, ಟ್ಯಾಂಕು ಎಲ್ಲವನ್ನೂ ಒಂದೇ ಉಸಿರಿನಲ್ಲಿ ವಿವರಿಸಿ, "ಇದರ ಉಸ್ತುವಾರಿ ಯಾರದು?" ಎಂದು ಕೇಳಿದ. ಐದು ಜೊತೆ ಕಣ್ಣುಗಳು ನನ್ನತ್ತ ತಿರುಗಿದವು. ಆಫೀಸಿನಲ್ಲಿ ನನ್ನ ಹುದ್ದೆಯ ಹೆಸರು ಪೈಪ್‌ಲೈನ್ ಆರ್ಕಿಟೆಕ್ಟ್. ಅಲ್ಲಿ ಹರಿಯುವುದು ಡೇಟಾ. ಅದು ಇದುವರೆಗೆ ನನ್ನ ಪ್ಯಾಂಟಿನ ಮೇಲೆ ಹಾರಿದ್ದಿಲ್ಲ ಎಂಬ ಸೂಕ್ಷ್ಮ ವ್ಯತ್ಯಾಸವನ್ನು ಸಂಸಾರಕ್ಕೆ ವಿವರಿಸುವಷ್ಟು ಸಮಯ ಇರಲಿಲ್ಲ.

ಸಲಹೆಗಾರರಾಗಿ ಮಾವ ತಮ್ಮನ್ನು ತಾವೇ ನೇಮಿಸಿಕೊಂಡರು. ಅವರು ಒಳಚರಂಡಿ ಇಲಾಖೆಯಲ್ಲಿ ಎಕ್ಸಿಕ್ಯೂಟಿವ್ ಇಂಜಿನಿಯರ್ ಆಗಿ ನಿವೃತ್ತರಾದವರು. ನಿವೃತ್ತರಾಗಿದ್ದು ಇಲಾಖೆಯಿಂದ, ಚರಂಡಿಯಿಂದಲ್ಲ. ಜೇಬಿನಿಂದ ಪೆನ್ನು ತೆಗೆದು ಬಾಡಿಗೆ ಕರಾರಿನ ಬೆನ್ನ ಮೇಲೆ ಅಂದಾಜುಪಟ್ಟಿ ಶುರು ಮಾಡಿದರು.

"ಅಳಿಯಂದ್ರೇ, ಒಳಚರಂಡಿ ಇರೋ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ನೀರು ಅಂತ ನಮ್ಮ ಮ್ಯಾನ್ಯುಯಲ್‌ನಲ್ಲಿದೆ. ಆರು ಜನಕ್ಕೆ 810. ಅದರಲ್ಲಿ ನೂರಕ್ಕೆ 80 ಚರಂಡಿಗೆ ಬರುತ್ತೆ ಅಂತ ಹಿಡೀಬೇಕು. ಅಲ್ಲಿಗೆ 648 ಲೀಟರ್ ಆಯ್ತು. ನಿಮ್ಮ ಬೂದು ಟ್ಯಾಂಕು ಎಷ್ಟರದು?"

"35 ಗ್ಯಾಲನ್. ಅಂದ್ರೆ 132 ಲೀಟರ್."

ಮಾವ ಪೆನ್ನಿನ ಕ್ಯಾಪು ಹಾಕಿದರು. "ಒಬ್ಬ ಮನುಷ್ಯನ ಒಂದು ದಿನದ ನೀರಿಗೂ ಮೂರು ಲೀಟರ್ ಕಮ್ಮಿ ಇದೆ. ಈ ಸ್ಕೀಮಿಗೆ ನಾನಾಗಿದ್ರೆ ಸ್ಯಾಂಕ್ಷನ್ ಕೊಡ್ತಿರಲಿಲ್ಲ."

ಸ್ಯಾಂಕ್ಷನ್ ಇಲ್ಲದೆಯೇ ಹೊರಟೆವು. ಹೆಂಡತಿ ಫ್ರಿಜ್ಜಿನ ಬಾಗಿಲಿಗೆ ಜಲನೀತಿಯನ್ನು ಅಂಟಿಸಿದಳು. ತಟ್ಟೆಗಳನ್ನು ಮೊದಲು ಪೇಪರಿನಲ್ಲಿ ಒರೆಸಿ, ಆಮೇಲೆ ಒಂದು ಬೋಗುಣಿ ನೀರಿನಲ್ಲಿ ಅದ್ದಿ ತೆಗೆಯುವುದು. ಸ್ನಾನಕ್ಕೆ ಹೋದವರು ಮೈ ನೆನೆದೊಡನೆ ನೀರು ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ತಿರುಗಿಸಿ ತೊಳೆದುಕೊಂಡು ಹೊರಬರುವುದು. ಇದಕ್ಕೆ ಇಲ್ಲಿ ನೇವಿ ಶವರ್ ಎಂದು ಹೆಸರು. ಸಮುದ್ರದ ನಡುವೆ ಸಿಹಿನೀರಿಗೆ ತತ್ವಾರವಿರುವ ಹಡಗುಗಳಲ್ಲಿ ನಾವಿಕರು ಮೀಯುವ ಪದ್ಧತಿ. ಅಮೆರಿಕದ ಮನೆಗಳ ಶವರಿಗೆ ಕಾನೂನು ಹಾಕಿರುವ ಮಿತಿ ನಿಮಿಷಕ್ಕೆ 2.5 ಗ್ಯಾಲನ್. ಆ ವೇಗದಲ್ಲಿ ನೀರು ಬಿಟ್ಟರೆ ನಮ್ಮ ಬೂದು ಟ್ಯಾಂಕು 14 ನಿಮಿಷಕ್ಕೆ ಭರ್ತಿ. ನನ್ನ ಮಗಳಿಗೆ ಯಾವ ಶಾಂಪೂ ಹಾಕಿಕೊಳ್ಳಬೇಕೆಂದು ತೀರ್ಮಾನಿಸುವುದಕ್ಕೇ ಅಷ್ಟು ಹೊತ್ತು ಬೇಕು, ಮತ್ತು ಅವಳು ತೀರ್ಮಾನಿಸುವುದು ನೀರು ಬಿಟ್ಟುಕೊಂಡೇ.

ಜಲನೀತಿಗೆ ಮೊದಲ ವಿರೋಧ ಅತ್ತೆಯವರಿಂದ ಬಂತು. "ಒರೆಸಿದ ಪಾತ್ರೆ ತೊಳೆದ ಪಾತ್ರೆ ಹೆಂಗೇ ಆಗುತ್ತೆ? ಹರಿಯೋ ನೀರಲ್ಲಿ ತೊಳೆದ್ರೇನೇ ಮುಸುರೆ ಹೋಗೋದು" ಎಂದು ಮಗಳಿಗೆ ಹೇಳಿ, ನಲ್ಲಿ ತಿರುಗಿಸಿ, ಸಾರಿನ ಪಾತ್ರೆಯನ್ನು ಹರಿಯುವ ನೀರಿನಲ್ಲೇ ತೊಳೆದರು. ನಾನು ಸುಮ್ಮನಿದ್ದೆ. ಅತ್ತೆ ಮಾಡಿದ ಸಾರನ್ನು ಎರಡು ಸಲ ಬಡಿಸಿಕೊಂಡವನಿಗೆ ಪಾತ್ರೆಯ ವಿಷಯದಲ್ಲಿ ಬಾಯಿ ಇರುವುದಿಲ್ಲ.

ಕಪ್ಪು ಟ್ಯಾಂಕಿಗೆ ಹೆದರುತ್ತಾ ಬೂದು ಟ್ಯಾಂಕನ್ನು ಹಗುರವಾಗಿ ಕಾಣುವುದು ಆರ್‌ವಿಗೆ ಹೊಸಬರಾದ ಎಲ್ಲರ ಸ್ವಭಾವ. ಆದರೆ ಮೊದಲು ತುಂಬುವುದೂ ಬೂದು ಟ್ಯಾಂಕೇ, ಎಷ್ಟೋ ಸಲ ಹೆಚ್ಚು ನಾರುವುದೂ ಅದೇ. ಅನ್ನದ ಗಂಜಿ, ಬೇಳೆಯ ಚರಟ, ಒಗ್ಗರಣೆಯ ಎಣ್ಣೆ, ಹುಣಸೆ ನಾರು, ಕಾಫಿ ಚರಟ ಎಲ್ಲವೂ ಬಿಸಿಲಿನಲ್ಲಿ ಎರಡು ದಿನ ಕೂಡಿಬಾಳಿದರೆ ಏನಾಗುತ್ತದೆಂದು ಸಾಂಬಾರಿನ ಪಾತ್ರೆಯನ್ನು ಮರೆತು ಮನೆಗೆ ಬೀಗ ಹಾಕಿ ಊರಿಗೆ ಹೋದವರೆಲ್ಲರಿಗೂ ಗೊತ್ತು. ಪಾಶ್ಚಾತ್ಯರು ಸ್ಯಾಂಡ್‌ವಿಚ್ ತಿಂದು ತಟ್ಟೆ ಒರೆಸಿಡುತ್ತಾರೆ. ಆ ಟ್ಯಾಂಕನ್ನು ಲೆಕ್ಕ ಹಾಕಿ ಕೂರಿಸಿದವನು ಬಿಸಿಬೇಳೆಬಾತಿನ ತಳ ಹತ್ತಿದ ಪಾತ್ರೆಯನ್ನು ಕಂಡವನಲ್ಲ.

ಇದರ ಮೇಲೆ ಶುಕ್ರವಾರ ಬಂತು. ಶುಕ್ರವಾರವೆಂದರೆ ಅತ್ತೆಗೆ ಎಣ್ಣೆನೀರು. ತಿಪಟೂರಿನ ಕೊಬ್ಬರಿ ಎಣ್ಣೆ, ಮನೆಯಲ್ಲೇ ಕುಟ್ಟಿ ತಂದ ಸೀಗೆಪುಡಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ತಿಪಟೂರಿನಲ್ಲಿ ಅದು ಸಮಸ್ಯೆಯೇ ಅಲ್ಲ. ಯೆಲ್ಲೋಸ್ಟೋನಿನಲ್ಲಿ ಬೇಸಿಗೆಯಲ್ಲೂ ರಾತ್ರಿಯ ಚಳಿ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಮರುದಿನ ಬೆಳಗಾಗುವಷ್ಟರಲ್ಲಿ ಬಚ್ಚಲಿನ ಪೈಪಿನೊಳಗೆ ಎಣ್ಣೆ, ಸೀಗೆಪುಡಿ, ಕೂದಲು ಮೂರೂ ಸೇರಿ ಗಟ್ಟಿಯಾಗಿ ನೆಲೆನಿಂತಿದ್ದವು. ಮಾವ ಟಾರ್ಚು ಬಿಟ್ಟು ನೋಡಿ, "ಇಂಥ ಬಾಂಡಿಂಗು ನಮ್ಮ ಕಾಂಟ್ರಾಕ್ಟರುಗಳ ಸಿಮೆಂಟಿಗೂ ಬಂದಿರಲಿಲ್ಲ" ಎಂದರು. ಅತ್ತೆ ಅದನ್ನು ತಮ್ಮ ಸೀಗೆಪುಡಿಗೆ ಸಿಕ್ಕ ಪ್ರಶಸ್ತಿಯೆಂದೇ ತಿಳಿದರು. ಕೆಟಲಿನಲ್ಲಿ ನೀರು ಕಾಯಿಸಿ ಹುಯ್ದು ಹುಯ್ದು ಅದನ್ನು ಕರಗಿಸಿದೆವು. ಕರಗಿದ್ದೂ ಆ ನೀರೂ ಎರಡೂ ಬೂದು ಟ್ಯಾಂಕಿಗೇ ಹೋದವು.

ಅದೇ ದಿನ ಓಲ್ಡ್ ಫೇಯ್ತ್‌ಫುಲ್ ಬುಗ್ಗೆಯನ್ನು ನೋಡಿಕೊಂಡು ಪೂರ್ವಕ್ಕೆ ಘಾಟಿ ಹತ್ತಿದೆವು. ಅಲ್ಲಿ 8,262 ಅಡಿ ಎತ್ತರದಲ್ಲಿ ಕ್ರೇಗ್ ಪಾಸ್ ಎಂಬ ಕಣಿವೆದಾರಿ, ಅದರ ನೆತ್ತಿಯಲ್ಲಿ ಐಸಾ ಎಂಬ ಪುಟ್ಟ ಕೆರೆ. ಖಂಡದ ಜಲವಿಭಾಜಕದ ಮೇಲೆ ಕುಳಿತಿರುವ ಆ ಕೆರೆಯ ನೀರು ಒಂದು ಕಡೆಯಿಂದ ಶಾಂತಸಾಗರಕ್ಕೂ ಇನ್ನೊಂದು ಕಡೆಯಿಂದ ಮೆಕ್ಸಿಕೋ ಕೊಲ್ಲಿಗೂ ಹೋಗುತ್ತದೆ. ಮಾವ ಕೈಕಟ್ಟಿ ನಿಂತು ನೋಡಿದರು. "ಒಂದು ಕೆರೆಗೆ ಎರಡು ಸಮುದ್ರ. ನಮ್ಮ 35 ಗ್ಯಾಲನ್ನಿಗೆ ಒಂದು ಮೋರಿ ಇಲ್ಲ."

ಮೋರಿ ಇಲ್ಲದ ನೀರು ತನ್ನ ದಾರಿಯನ್ನು ತಾನೇ ಹುಡುಕಿಕೊಂಡಿತು. ಬೂದು ಟ್ಯಾಂಕು ತುಂಬಿದರೆ ನೀರು ಮೇಲೇಳುವುದು ಗಾಡಿಯಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ತೂತಿನಿಂದ. ಅದು ಬಚ್ಚಲಿನ ತೂತು. ಘಾಟಿ ಇಳಿಯುವಾಗ ನಾನು ಬ್ರೇಕು ಒತ್ತಿದಾಗಲೆಲ್ಲ ಹಿಂದಿನಿಂದ ಗಳಗಳ ಸದ್ದು. ಮಗ ಬಾಗಿಲು ತೆರೆದು ನೋಡಿ ವರದಿ ಒಪ್ಪಿಸಿದ: "ಅಪ್ಪಾ, ಬಚ್ಚಲಲ್ಲಿ ಸಾರು ಬಂದಿದೆ." ಬುಧವಾರದ ಒಗ್ಗರಣೆಯ ಕರಿಬೇವು ಶುಕ್ರವಾರದ ಸೀಗೆಕಾಯಿ ನೊರೆಯ ಮೇಲೆ ತೇಲುತ್ತಿತ್ತು. ಅತ್ತೆ ಬಗ್ಗಿ ನೋಡಿ, "ಇದಕ್ಕೇ ನಾನು ಹೇಳಿದ್ದು, ಹರಿಯೋ ನೀರಲ್ಲಿ ತೊಳೀಬೇಕು ಅಂತ" ಎಂದರು. ಈ ವಾದಕ್ಕೆ ನಾನು ಇವತ್ತಿಗೂ ಉತ್ತರ ಹುಡುಕುತ್ತಿದ್ದೇನೆ.

ಇನ್ನು ಕಪ್ಪು ಟ್ಯಾಂಕಿನ ಮಾತು. ಆರ್‌ವಿಯ ಕಕ್ಕಸಿನಲ್ಲಿ ಮನೆಯಲ್ಲಿರುವ ಬಾಗಿದ ಪೈಪು ಇಲ್ಲ. ಬಟ್ಟಲಿನ ತಳದಲ್ಲೊಂದು ಮುಚ್ಚಳ, ಅದನ್ನು ತೆರೆಯುವ ಪೆಡಲು, ಕೆಳಗೆ ನೇರ ಟ್ಯಾಂಕು. ಮುಚ್ಚಳದ ಮೇಲೆ ಸದಾ ಒಂದಿಷ್ಟು ನೀರು ನಿಂತಿರಬೇಕು; ವಾಸನೆಗೂ ನಮಗೂ ನಡುವೆ ಇರುವ ಗಡಿ ಅದೊಂದೇ. ಚಾವಣಿಯ ಫ್ಯಾನು ಹಾಕಿಕೊಂಡು ಪೆಡಲು ಒತ್ತಬಾರದು. ಒತ್ತಿದರೆ ಫ್ಯಾನು ಟ್ಯಾಂಕಿನ ಗಾಳಿಯನ್ನು ಎಳೆದು ತಂದು ಮುಖಕ್ಕೇ ರಾಚುತ್ತದೆ. ಇದನ್ನು ನಾನು ಮನೆಯವರಿಗೆಲ್ಲ ಬಾಯಿಪಾಠ ಮಾಡಿಸಿದೆ. ಮೊದಲು ಮರೆತವರು ಯಾರೆಂದು ಹೇಳುವುದು ಹಿರಿಯರಿಗೆ ಅವಮರ್ಯಾದೆ.

ಟ್ಯಾಂಕು ಎಷ್ಟು ತುಂಬಿದೆ ಎಂದು ತೋರಿಸಲು ಗೋಡೆಯ ಮೇಲೆ ಪುಟ್ಟ ದೀಪಗಳಿವೆ: ಖಾಲಿ, ಮೂರನೇ ಒಂದು, ಮೂರನೇ ಎರಡು, ಭರ್ತಿ. ಟ್ಯಾಂಕಿನ ಗೋಡೆಗೆ ಕೂರಿಸಿದ ಮೊಳೆಗಳನ್ನು ನೀರು ಮುಟ್ಟಿದರೆ ದೀಪ ಹತ್ತುತ್ತದೆ. ಒಂದು ಚೂರು ಕಾಗದ ಆ ಮೊಳೆಗೆ ಅಂಟಿಕೊಂಡರೂ ದೀಪ ಹತ್ತುತ್ತದೆ. ಹಾಗಾಗಿ ಖಾಲಿ ಮಾಡಿದ ಟ್ಯಾಂಕೂ ಮೂರನೇ ಎರಡು ಎಂದು ಹಟ ಹಿಡಿಯುವುದುಂಟು. ಪಂಚಾಂಗ ಹೇಳುವ ಮಳೆಯನ್ನು ಎಷ್ಟು ನಂಬುತ್ತೇವೋ ಈ ದೀಪವನ್ನೂ ಅಷ್ಟೇ ನಂಬಬೇಕು. ನಾನು ದಿನಕ್ಕೆ ಹಲವು ಸಲ ಆ ಗುಂಡಿ ಒತ್ತಿ, ದೀಪ ನೋಡಿ, ನಿಟ್ಟುಸಿರು ಬಿಡುತ್ತಿದ್ದೆ. ಶೇರು ಪೇಟೆಯ ಮೇಲೂ ನಾನು ಅಷ್ಟು ಕಣ್ಣಿಟ್ಟವನಲ್ಲ.

ಕಪ್ಪು ಟ್ಯಾಂಕಿನ ಶಾಸ್ತ್ರದಲ್ಲಿ ಮೂಲಮಂತ್ರ ಒಂದೇ: ನೀರು ಧಾರಾಳವಾಗಿರಲಿ. ನೀರು ಕಡಿಮೆಯಾದರೆ ಗಟ್ಟಿ ಪದಾರ್ಥ ಕರಗದೆ ತೂಬಿನ ಕೆಳಗೆ ಗುಡ್ಡೆ ಕಟ್ಟುತ್ತದೆ. ಕ್ಯಾಂಪಿನ ಚರಂಡಿಗೆ ಪೈಪು ಜೋಡಿಸಿ ಕಪ್ಪು ವಾಲ್ವನ್ನು ತೆರೆದೇ ಬಿಟ್ಟವರ ಗತಿಯೂ ಅದೇ: ದ್ರವ ಹರಿದುಹೋಗುತ್ತದೆ, ಉಳಿದದ್ದು ಕೂರುತ್ತದೆ. ಆರ್‌ವಿ ಬಳಗದಲ್ಲಿ ಅದಕ್ಕೆ ಪಿರಮಿಡ್ ಎಂದೇ ಹೆಸರು. ಆದ್ದರಿಂದ ವಾಲ್ವು ಮುಚ್ಚಿಟ್ಟು, ಟ್ಯಾಂಕು ಮುಕ್ಕಾಲುಪಾಲು ತುಂಬಿದ ಮೇಲೆ ಒಂದೇ ಸಲ ತೆರೆಯಬೇಕು. ಮಾವನಿಗೆ ಇದು ಅಂಗೈ ಮೇಲಿನ ನೆಲ್ಲಿಕಾಯಿ. "ಸೆಲ್ಫ್ ಕ್ಲೆನ್ಸಿಂಗ್ ವೆಲಾಸಿಟಿ, ಅಳಿಯಂದ್ರೇ! ಸೆಕೆಂಡಿಗೆ 0.6 ಮೀಟರ್ ವೇಗ ಇದ್ರೆ ಹೂಳು ತಾನೇ ತಳ್ಕೊಂಡು ಹೋಗುತ್ತೆ. ಊರಿಗೂ ಅದೇ ಲೆಕ್ಕ, ಗಾಡಿಗೂ ಅದೇ ಲೆಕ್ಕ."

ಕಾಗದದ ನಾಡಿನವರಿಗೆ ಈ ನೀರಿನ ಪಾಠವನ್ನು ಬರೆದು ತಿಳಿಸಬೇಕಾಗುತ್ತದೆ. ಬೇಗ ಕರಗುವ ಕಾಗದವನ್ನೇ ಕೊಳ್ಳಿ, ಒಂದು ತುಂಡನ್ನು ಬಾಟಲಿಯ ನೀರಿನಲ್ಲಿ ಹಾಕಿ ಕುಲುಕಿ ಪರೀಕ್ಷೆ ಮಾಡಿ ಎಂದೆಲ್ಲ ಹೇಳಬೇಕಾಗುತ್ತದೆ. ನಮಗೆ ಏನೂ ಹೇಳಬೇಕಾಗಲಿಲ್ಲ. ಅತ್ತೆ ಊರಿನಿಂದ ತಂದ ಸ್ಟೀಲ್ ತಂಬಿಗೆ ಮೊದಲ ದಿನವೇ ಕಕ್ಕಸಿನ ಮೂಲೆಯಲ್ಲಿ ಅಧಿಕಾರ ಸ್ವೀಕರಿಸಿತ್ತು. ನಮ್ಮ ಕಪ್ಪು ಟ್ಯಾಂಕಿಗೆ ಕಾಗದ ಸೇರಿದ್ದು ಅಲ್ಪ, ನೀರು ಸೇರಿದ್ದು ಧಾರಾಳ. ಕಪ್ಪು ಟ್ಯಾಂಕಿಗೆ ಕನ್ನಡಿಗರಷ್ಟು ಒಳ್ಳೆಯವರಿಲ್ಲ. ಬೂದು ಟ್ಯಾಂಕಿಗೆ ಕನ್ನಡಿಗರಷ್ಟು ಕೆಟ್ಟವರಿಲ್ಲ.

ವಾಸನೆಯ ವಿಷಯದಲ್ಲಿ ಯೆಲ್ಲೋಸ್ಟೋನ್ ನಮ್ಮ ಮಾನ ಕಾಪಾಡಿತು. 1872ರಲ್ಲಿ ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಹೆಸರಾದ ಆ ಜಾಗದ ಕೆಳಗೆ ಜ್ವಾಲಾಮುಖಿ ಇದೆ. ನೆಲದ ಬಿರುಕುಗಳಿಂದ ಹೈಡ್ರೋಜನ್ ಸಲ್ಫೈಡ್ ಬರುತ್ತಿರುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಕೊಳಚೆ ಟ್ಯಾಂಕಿನಲ್ಲಿ ಹುಟ್ಟುವ ಅನಿಲಗಳಲ್ಲೂ ಅದು ಒಂದು. ಮಡ್ ವೋಲ್ಕೇನೋ, ಸಲ್ಫರ್ ಕಾಲ್ಡ್ರನ್ ಎಂಬ ಜಾಗಗಳಲ್ಲಿ ಪ್ರವಾಸಿಗರು ಮೂಗು ಮುಚ್ಚಿಕೊಂಡು, "ಅದ್ಭುತ!" ಎನ್ನುತ್ತಿದ್ದರು. ನಾವೂ ಗಾಡಿಯ ಕಿಟಕಿಗಳನ್ನು ತೆರೆದಿಟ್ಟು ಅದ್ಭುತ ಎಂದೆವು. ಪ್ರಕೃತಿಯ ಪಾಲೆಷ್ಟು, ನಮ್ಮ ಸಂಸಾರದ ಪಾಲೆಷ್ಟು ಎಂದು ಯಾರಿಂದಲೂ ವಿಂಗಡಿಸಲಾಗಲಿಲ್ಲ.

ಕಡೆಗೂ ಮ್ಯಾಡಿಸನ್ ಕ್ಯಾಂಪಿನ ಡಂಪ್ ಸ್ಟೇಷನ್ನಿಗೆ ಬಂದೆವು. ನೆಲದಲ್ಲೊಂದು ಮುಚ್ಚಳವಿರುವ ತೂತು, ಪಕ್ಕದಲ್ಲಿ ತೊಳೆಯುವ ನಲ್ಲಿ, ಹಿಂದೆ ಆರ್‌ವಿಗಳ ಸಾಲು. ಕೋಟಿ ಬೆಲೆಯ ಬಸ್ಸಿನಷ್ಟುದ್ದದ ಗಾಡಿಯವನೂ ಬಾಡಿಗೆ ಗಾಡಿಯ ನಾನೂ ಅಲ್ಲಿ ಒಂದೇ ಸಾಲಿನಲ್ಲಿ, ಒಂದೇ ತೂತಿನ ಮುಂದೆ. ಕ್ರಮ ಹೀಗೆ: ಎರಡೂ ವಾಲ್ವು ಮುಚ್ಚಿದೆಯೇ ಎಂದು ನೋಡುವುದು. ಮುಚ್ಚಳ ತೆಗೆದು ಮೂರಂಗುಲದ ಹೋಸನ್ನು ತಿರುಗಿಸಿ ಕೂರಿಸುವುದು. ಇನ್ನೊಂದು ತುದಿಯನ್ನು ತೂತಿಗೆ ಇಳಿಸಿ ಭದ್ರ ಮಾಡುವುದು. ಮೊದಲು ಕಪ್ಪು ಹಿಡಿ ಎಳೆಯುವುದು, ಅದು ಖಾಲಿಯಾದ ಮೇಲೆ ಬೂದು ಹಿಡಿ. ಬೂದು ನೀರು ಹೋಸನ್ನು ತೊಳೆದುಕೊಂಡು ಹೋಗಲಿ ಎಂದು ಈ ಅನುಕ್ರಮ. ತಿರುವುಮುರುವು ಮಾಡಿದವರು ಹೋಸನ್ನು ಹೇಗೆ ಮಡಚಿ ಒಳಗಿಡುತ್ತಾರೋ ನಾನರಿಯೆ.

ಎಷ್ಟು ಜಾಗ್ರತೆ ವಹಿಸಿದರೂ ಮುಚ್ಚಳದ ಹಿಂದೆ ಪೈಪಿನಲ್ಲಿ ಒಂದಿಷ್ಟು ಕಾದು ಕುಳಿತಿರುತ್ತದೆ. ಮುಚ್ಚಳ ತಿರುಗಿಸಿದೊಡನೆ ಅದು ನನ್ನ ಬಲಗಾಲಿನ ಬೂಟನ್ನು ಸೇರಿತು. ಹೆಂಡತಿ ಕಿಟಕಿಯಿಂದ, "ರೀ, ಆ ಬೂಟು ಹಾಕ್ಕೊಂಡು ಒಳಗೆ ಬರಬೇಡಿ" ಎಂದಳು. ಬೂಟಿನೊಳಗಿದ್ದ ಮನುಷ್ಯನ ಬಗ್ಗೆ ಏನೂ ಕೇಳಲಿಲ್ಲ.

ಹೋಸಿನ ಕೊರಳಿನಲ್ಲಿ ಪಾರದರ್ಶಕ ಪ್ಲಾಸ್ಟಿಕ್ಕಿನ ತುಂಡೊಂದಿರುತ್ತದೆ. ಟ್ಯಾಂಕು ಖಾಲಿಯಾಯಿತೇ ಎಂದು ನೋಡಲು ದೇವರು ಕೊಟ್ಟ ಕಿಂಡಿ. ನಾನು ಬೇರೆ ಕಡೆ ಮುಖ ಮಾಡಿ ಕಪ್ಪು ಹಿಡಿ ಎಳೆದೆ. ಮಾವ ಬಗ್ಗಿ ಕಿಂಡಿಯನ್ನೇ ನೋಡುತ್ತಾ, "ಫ್ಲೋ ನೋಡಿ, ಅಳಿಯಂದ್ರೇ, ಎಂಥಾ ಫ್ಲೋ! ಎಲ್ಲೂ ಹೂಳಿಲ್ಲ!" ಎಂದು ಕೂಗಿದರು. ಸಾಲಿನಲ್ಲಿದ್ದವರಿಗೆ ಭಾಷೆ ತಿಳಿಯದಿದ್ದರೂ ಭಾವ ತಿಳಿಯಿತು. ಒಬ್ಬ ಮುದುಕ ಹೆಬ್ಬೆರಳೆತ್ತಿ ಅಭಿನಂದಿಸಿದ.

ಬೂದು ನೀರು ಹರಿಯತೊಡಗಿದಾಗ ಮಾವ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ಇಷ್ಟು ವರ್ಷ ಸರ್ವೀಸಿನಲ್ಲಿ ಇದನ್ನ ನಾನು ಪೇಪರಿನ ಮೇಲೆ ಮಾತ್ರ ನೋಡಿದ್ದೆ. ದೇವರಾಜ ಅರಸು ಅವರ ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರೋದನ್ನ ನಿಷೇಧ ಮಾಡಿದ್ರು. ಆಮೇಲೂ ಮ್ಯಾನ್‌ಹೋಲಿಗೆ ಇಳಿಯೋರು ಇಳೀತಾನೇ ಇದ್ರು. ಅವರ ಕೈಗೆ ಗ್ಲೌಸ್ ಕೊಡಿಸೋಣ ಅಂತ ನಾನು ಇಂಡೆಂಟ್ ಹಾಕ್ತಿದ್ದೆ. ಗ್ಲೌಸ್ ಬರೋದರೊಳಗೆ ನನಗೆ ಪ್ರಮೋಷನ್ ಬರ್ತಿತ್ತು."

ನಾನು ಏನೂ ಹೇಳದೆ ಡಬ್ಬಿಯಿಂದ ಇನ್ನೊಂದು ಜೊತೆ ಕೈಗವಸು ತೆಗೆದು ಚಾಚಿದೆ. ನಿವೃತ್ತ ಎಕ್ಸಿಕ್ಯೂಟಿವ್ ಇಂಜಿನಿಯರ್ ಅದನ್ನು ತೊಟ್ಟು ಹೋಸಿನ ನಡುವನ್ನು ಎತ್ತಿ ಹಿಡಿದು, ಒಳಗೆ ನಿಂತಿದ್ದ ನೀರನ್ನು ತೂತಿನವರೆಗೆ ಸಾಗಿಸಿದರು. ಆಮೇಲೆ ತಮ್ಮ ಕೈಯಾರೆ ಹೋಸು ತೊಳೆದರು. ಇಳಿಜಾರಿನ ಬಗ್ಗೆ ಅಪ್ಪಣೆ ಕೊಡಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ವ್ಯತ್ಯಾಸವೆಂದರೆ, ಈಗ ಅಪ್ಪಣೆಯನ್ನು ಪಾಲಿಸಬೇಕಾದವರೂ ಅವರೇ.

ಕೆಲಸ ಮುಗಿಸಿ ಬಂದರೆ ಬಾಗಿಲಲ್ಲಿ ಅತ್ತೆ. "ಇಬ್ಬರೂ ಸ್ನಾನ ಮಾಡದೆ ಏನನ್ನೂ ಮುಟ್ಟೋ ಹಾಗಿಲ್ಲ. ತಲೆಗೂ ಹಾಕ್ಕೊಳ್ಳಿ." ಮ್ಯಾಡಿಸನ್ ಕ್ಯಾಂಪಿನಲ್ಲಿ ಸ್ನಾನದ ಮನೆಗಳಿಲ್ಲ. ಆಗಷ್ಟೇ ಖಾಲಿ ಮಾಡಿದ ಬೂದು ಟ್ಯಾಂಕಿಗೆ ಮಾವನ ಸ್ನಾನದ ನೀರೂ ನನ್ನ ಸ್ನಾನದ ನೀರೂ ಹೋದವು. ನಾನು ಬಚ್ಚಲಿನಿಂದ ಹೊರಬಂದು ಗುಂಡಿ ಒತ್ತಿ ನೋಡಿದೆ. ದೀಪ ಮೂರನೇ ಒಂದು ಎಂದಿತು. ಆ ಸಲ ಅದು ಹೇಳಿದ್ದು ನಿಜವೇ.

ಆರ್‌ವಿ ಬಾಡಿಗೆಗೆ ಹಿಡಿಯುವ ಯೋಚನೆಯಲ್ಲಿರುವ ಕನ್ನಡಿಗರಿಗೆ ನನ್ನ ವಿನಂತಿ ಇಷ್ಟೇ. ತಂಬಿಗೆ ತಪ್ಪದೆ ತನ್ನಿ, ಕಪ್ಪು ಟ್ಯಾಂಕು ನಿಮ್ಮನ್ನು ಹರಸುತ್ತದೆ. ಎಣ್ಣೆನೀರನ್ನು ಮನೆ ಸೇರಿದ ಮೇಲೆ ಇಟ್ಟುಕೊಳ್ಳಿ. ಸಾರಿನ ಚರಟವನ್ನು ಸೋಸಿ ಕಸದ ಚೀಲಕ್ಕೆ ಹಾಕಿ. ಕ್ಯಾಂಪಿನಲ್ಲಿ ಕಟ್ಟಿದ ಕಕ್ಕಸು ಇದ್ದರೆ ನಾಚಿಕೆ ಬಿಟ್ಟು ಅಲ್ಲಿಗೇ ನಡೆಯಿರಿ. ದೀಪವನ್ನು ನಂಬಬೇಡಿ, ಮುಚ್ಚಳ ತೆಗೆಯುವಾಗ ಪಕ್ಕಕ್ಕೆ ನಿಲ್ಲಿ, ಕಪ್ಪು ಮೊದಲು, ಬೂದು ಆಮೇಲೆ. ಕೈಗವಸನ್ನು ಮಾತ್ರ ಯಾವಾಗಲೂ ಎರಡು ಜೊತೆ ಇಟ್ಟುಕೊಳ್ಳಿ: ಒಂದು ನಿಮಗೆ, ಇನ್ನೊಂದು ಸಲಹೆ ಕೊಡುವವರಿಗೆ.